ಮೇ ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ

ನಮ್ಮ ಹಾಲಿನ ಸಂಘದ ಸರ್ವರ್ ಮೊದಲೆಲ್ಲ ಯಾರು ಏನು ಕೇಳಿದರೂ ಉತ್ತರ ಕೊಡುತ್ತಿತ್ತು. ಹಾಲೆಷ್ಟು, ಕೊಬ್ಬೆಷ್ಟು, ಯಾವ ಎಮ್ಮೆಗೆ ಯಾವ ಲಸಿಕೆ ಎಂದು ಊರೂರಿನ ಮೊಬೈಲುಗಳು ಕೇಳುತ್ತಿದ್ದವು. ಕೊಲ್ಹಾಪುರ ರಸ್ತೆಯ ಕಚೇರಿಯಲ್ಲಿ ಕೂತು ಅದು ಹೇಳುತ್ತಿತ್ತು. ಯುಗಾದಿ ಪಾಡ್ವಾ ಕಳೆದ ಮೇಲೆ ಯಾರೋ ಪುಣ್ಯಾತ್ಮ ಒಂದು ಪ್ರಶ್ನೆ ಕಳಿಸಿದ. ಈ ಎಮ್ಮೆಯ ಕರುಗಳು ಯಾವುವು, ಆ ಕರುಗಳ ತಾಯಿ ಯಾವುದು, ಆ ತಾಯಿಯ ಕರುಗಳು ಯಾವುವು, ಹೀಗೆ ಒಂದೇ ಪ್ರಶ್ನೆಯೊಳಗೆ ಸುತ್ತಿನ ಮೇಲೆ ಸುತ್ತು. ಸರ್ವರ್ ಗಾಣದ ಎತ್ತಿನಂತೆ ತಿರುಗುತ್ತಲೇ ಉಳಿಯಿತು. ಬೆಳಗಿನ ಹಾಲು ಅಳೆಯುವ ಹೊತ್ತು. ಜನ ಸಾಲಿನಲ್ಲಿ, ಹಾಲು ಬಿಸಿಲಿನಲ್ಲಿ.

ಸರ್ವರ್ ನೋಡಿಕೊಳ್ಳುವವಳು ನಮ್ಮೂರಿನವಳೇ, ಸುಲಭಾ ಖೋತ್. ಅವಳು ಮೇ ತಿಂಗಳಿಡೀ ನಮ್ಮ ಮೊಬೈಲುಗಳು ಏನೇನು ಕೇಳುತ್ತವೆ ಎಂದು ಗುರುತು ಹಾಕಿಕೊಂಡು, ಒಂದು ಪಟ್ಟಿ ಮಾಡಿ, ಅದರಲ್ಲಿ ಇಲ್ಲದ ಪ್ರಶ್ನೆಗೆ ಸರ್ವರ್ ಬಾಯಿ ತೆರೆಯದಂತೆ ಮಾಡಿದಳು. ಹೊಸ ಪ್ರಶ್ನೆ ಸೇರಬೇಕಾದರೆ ಒಬ್ಬರು ಬರೆಯಬೇಕು, ಇನ್ನೊಬ್ಬರು ನೋಡಿ ಒಪ್ಪಬೇಕು. ಆ ಇನ್ನೊಬ್ಬ ಅವಳ ಜೊತೆಗಾರ ನಿವಾಸ. ಸಂಘದ ಕಾರ್ಯದರ್ಶಿಯಾಗಿ ನಾನೂ ತಲೆಯಾಡಿಸಿದ್ದೆ. ಆಮೇಲೆ ಮಳೆಗಾಲವೆಲ್ಲ ಒಂದು ದಿನವೂ ಅಳತೆ ನಿಲ್ಲಲಿಲ್ಲ.

ದೀಪಾವಳಿ ಮುಗಿದ ಒಂದು ಭಾನುವಾರ, ನಮ್ಮ ಎದುರು ಮನೆಯ ಹೌಸಾಬಾಯಿಯ ಎಮ್ಮೆ ಬೆದೆಗೆ ಬಂತು. ಪಂಢರಪುರಿ ಎಮ್ಮೆ, ಸಂಘದ ಬೇರೊಂದು ಊರಿನವರಿಂದ ಸಂತೆಯಲ್ಲಿ ಕೊಂಡದ್ದು. ಇಡೀ ವರ್ಷ ಗಬ್ಬವಿಲ್ಲದೆ ಬರಿದಾಗಿ ನಿಂತು ಮೇವು ತಿಂದಿತ್ತು. ಮನೆಗೆ ಅದೊಂದೇ ಎಮ್ಮೆ. ಈ ಸಂಜೆ ತಪ್ಪಿದರೆ ಮತ್ತೆ ಯಾವಾಗಲೋ, ದೇವರೇ ಬಲ್ಲ. ಹೌಸಾಬಾಯಿ ಮಧ್ಯಾಹ್ನದಿಂದ ಅಂಗಳ ಬಿಟ್ಟು ಕದಲಿರಲಿಲ್ಲ.

ಸಂಘದ ಪಶುವೈದ್ಯ ಮಗದೂಮ ಥಂಡಿ ಡಬ್ಬಿ ಇಳಿಸಿದ. ಅದರಲ್ಲಿ ಎರಡು ಕೋಣಗಳ ವೀರ್ಯದ ಕಡ್ಡಿಗಳಿದ್ದವು. ಎಮ್ಮೆಯ ಕಿವಿಯ ಬಿಲ್ಲೆಯ ನಂಬರನ್ನು ಮೊಬೈಲಿನಲ್ಲಿ ಒತ್ತಿ, ಇದರ ಅಪ್ಪ ಯಾವ ಕೋಣ ಎಂದು ಕೇಳಿದ. ಅಪ್ಪನದೇ ಕಡ್ಡಿ ಮಗಳಿಗೆ ಹಾಕಿದರೆ ಕರು ಸೊರಗುತ್ತದೆ.

ಮೊಬೈಲು ಹೇಳಿತು: ಈ ಪ್ರಶ್ನೆಗೆ ಅನುಮತಿ ಇಲ್ಲ.

"ಅನುಮತಿ?" ಹೌಸಾಬಾಯಿ ಸೆರಗು ಸಿಕ್ಕಿಸಿದಳು. "ನನ್ನ ಎಮ್ಮಿ ಅಪ್ಪ ಯಾರಂತ ಕೇಳಾಕ ಅನುಮತಿ ಬೇಕೇನ? ಎಲ್ಲಿ ಅದಾಳ ನಮ್ಮ ಜಾಣಿ?"

ಹೌಸಾಬಾಯಿ ಸುಲಭಾಳ ಸೋದರತ್ತೆ. ಹಿಂದಿನ ಓಣಿಯಿಂದ ಸುಲಭಾ ಹಿಟ್ಟಿನ ಕೈಯಲ್ಲೇ ಬಂದಳು. ಮೊಬೈಲು ನೋಡಿದಳು, ಎಮ್ಮೆಯನ್ನು ನೋಡಿದಳು, ಹಣೆಗೆ ಹಿಟ್ಟಿನ ಕೈ ಹಚ್ಚಿದಳು.

"ಆತ್ಯಾ, ಮೇ ತಿಂಗಳದಾಗ ಈ ಪ್ರಶ್ನಿ ಯಾರೂ ಕೇಳೇ ಇಲ್ಲ."

"ಆ ಬಿಸಲಾಗ ಯಾವ ಎಮ್ಮಿ ಬೆದಿಗೆ ಬರತೈತವ್ವಾ? ಕೊಟಗ್ಯಾಗ ಹುಟ್ಟಿದಂಗ ಬೆಳದಾಕಿ ನೀನು."

ನಮ್ಮೆಲ್ಲರ ಮನೆಯಲ್ಲೂ ಎಮ್ಮೆಗಳಿವೆ. ತಲೆಯಾಡಿಸಿದಾಗ ಇದು ಒಬ್ಬರಿಗೂ ಹೊಳೆದಿರಲಿಲ್ಲ.

"ಸುಲಭಾತಾಯಿ, ಕಂಪ್ಯೂಟರ್ ತಗದು ನೀವ ಒಳಗ ನೋಡಿ ಹೇಳ್ರಿ," ಎಂದ ಮಗದೂಮ. "ಹೊತ್ತು ಹೋಗ್ತೈತಿ."

"ನಮ್ಮತ್ತಿ ಅಂತ ಇವತ್ತ ಹಿತ್ತಲ ಬಾಗಲ ತಗದ್ರ, ನಾಳೆ ಚೇರಮನ್ನರ ಬೀಗರು ಬರತಾರ. ಪಟ್ಟಿಗೇ ಸೇರಸ್ತೀನಿ, ತಡೀರಿ."

"ಬರೀ, ಬರೀ. ಎಮ್ಮಿಗೆ ಹೇಳತೀನಿ, ಸಾಹೇಬರ ಸಹಿ ಆಗೂತನಕ ತಡಕೋ ಅಂತ," ಎಂದಳು ಹೌಸಾಬಾಯಿ. ಮಾತು ನಗೆಯದು, ಕಣ್ಣು ಮಾತ್ರ ಇಳಿಯುವ ಬಿಸಿಲ ಮೇಲಿತ್ತು.

ಸುಲಭಾ ಕಟ್ಟೆಯ ಮೇಲೆ ಕೂತು ಬರೆದಳು. ಎಮ್ಮೆಯ ನಂಬರು ಕೊಟ್ಟರೆ ಅದರ ಅಪ್ಪ, ಅದರ ತಾಯಿಯ ಅಪ್ಪ. ಅಲ್ಲಿಂದ ಮುಂದೆ ಹೋಗುವಂತಿಲ್ಲ. ನಿವಾಸನಿಗೆ ಕಳಿಸಿ ಫೋನು ಹಚ್ಚಿದಳು. ಅವನು ಹೆಂಡತಿಯ ತವರಿನಲ್ಲಿ ಮಾಂಸದ ಬಿಳಿ ರಸ್ಸಾದ ಎರಡನೇ ಬಟ್ಟಲಿನಲ್ಲಿದ್ದ.

"ನೋಡಲಾರದ ಹೂಂ ಅನಬ್ಯಾಡ ಅಂತ ನೀನ ಹೇಳಿದ್ದಿ," ಎಂದ ನಿವಾಸ, ರಸ್ಸಾ ಹೀರುತ್ತಲೇ. "ಮ್ಯಾಲಿನ ಮುತ್ತಜ್ಜ ಬ್ಯಾಡೇನ? ಎರಡ ತಲಿಮಾರು ಸಾಕೇನ?"

ಹೌಸಾಬಾಯಿ ಫೋನು ಕಿತ್ತುಕೊಂಡಳು. "ಏ ನಿವಾಸಾ, ನಿನ್ನ ಸಂಬಂಧ ನೋಡೂಮುಂದ ನಾ ಅಷ್ಟೂ ಕೇಳಿರಲಿಲ್ಲ, ಹುಡುಗಿ ಕೊಡಸೀನಿ. ಬಟ್ಟಲ ಕೆಳಗಿಡು, ಒತ್ತು!"

ಅತ್ತ ಬಟ್ಟಲು ಕೆಳಗಿಟ್ಟ ಸಪ್ಪಳ. ಅವನು ನಿಧಾನವಾಗಿ ಓದಿದ, ಒಂದು ಕಡೆ ತಿದ್ದಿಸಿದ, ಆಮೇಲೆ ಒಪ್ಪಿದ. ಮಗದೂಮ ಮತ್ತೆ ಕೇಳಿದ. ಉತ್ತರ ಬಂತು. ಎಮ್ಮೆಯ ಅಪ್ಪ ಅವನ ಡಬ್ಬಿಯಲ್ಲೇ ಇದ್ದ ಎರಡರಲ್ಲೊಂದು ಕೋಣ.

"ಇದನ್ನ ಹಾಕೋಣಂತ ಕೈ ಇಟ್ಟಿದ್ನಿ ನಾ," ಎಂದು ಮಗದೂಮ ಇನ್ನೊಂದು ಕಡ್ಡಿ ತೆಗೆದ.

ಕೆಲಸ ಮುಗಿದಾಗ ಇನ್ನೂ ಬೆಳಕಿತ್ತು. ಹೌಸಾಬಾಯಿ ಎಮ್ಮೆಯ ಬೆನ್ನು ಸವರಿದಳು. ಸುಲಭಾ ಕಟ್ಟೆ ಬಿಟ್ಟು ಏಳಲಿಲ್ಲ.

"ಆತ್ಯಾ, ಮೇ ಬಿಟ್ಟು ಬ್ಯಾರೆ ತಿಂಗಳದಾಗ ನೀವೆಲ್ಲಾ ಏನೇನ ಕೇಳತೀರಿ, ಹೇಳು."

"ಶ್ರಾವಣದಿಂದ ಹಿಡೀಲೇನ?" ಎಂದು ಹೌಸಾಬಾಯಿ ಅವಳ ಪಕ್ಕದಲ್ಲಿ ಕೂತಳು. "ಮೊದಲ ಚಾ ಇಡ್ತೀನಿ ತಡಿ. ಅದಕ್ಕೂ ನಿವಾಸನ್ನ ಕೇಳಬೇಕೋ ಏನ?"