ಕ್ಯಾರಿಬ್ಯಾಗಿನಲ್ಲಿ ಬಂದ ಸಕ್ಕರೆ

ತೊಂಬತ್ತರ ಆಸುಪಾಸಿನಲ್ಲಿ ಅಥಣಿಯ ಪೇಟೆಗೆ ಕ್ಯಾರಿಬ್ಯಾಗು ಕಾಲಿಟ್ಟಿತು. ಅಂದಿನಿಂದಲೇ ಚಂದ್ರಮತಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಕಿರಾಣಿಗೆ ಹೊರಟರೆ ಬಗಲಲ್ಲಿ ಬಟ್ಟೆಚೀಲ, ಕೈಯಲ್ಲಿ ಎಣ್ಣೆಯ ಕ್ಯಾನು. ಬೇಳೆ ಕಟ್ಟಿಕೊಟ್ಟ ಕಾಗದ ಒಲೆ ಹೊತ್ತಿಸಲು, ಸುತ್ತಿದ ದಾರ ಹೂ ಕಟ್ಟಲು. ಆಕೆಯ ಮನೆಯಿಂದ ತಿಪ್ಪೆಗೆ ಹೋಗುತ್ತಿದ್ದದ್ದು ಕಾಯಿಪಲ್ಲೆಯ ಸಿಪ್ಪೆ, ಅಷ್ಟೇ. ಕಿರಾಣಿ ಬಾಳಾಸಾಬ ಒಮ್ಮೆ ಅಕ್ಕಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿಯಲು ಹೋಗಿ ನಾಲ್ಕು ಮಂದಿಯ ಮುಂದೆ ಮಂಗಳಾರತಿ ಮಾಡಿಸಿಕೊಂಡಿದ್ದ.

"ಕೊಳೀಲಾರದ ಕಸಾ ನನ್ನ ಮನಿಗೆ ಹೊರಸ್ತಿ ಏನೋ? ಸುರು ನನ್ನ ಚೀಲದಾಗ!"

ಆ ಬಾಯಿಗೆ ಇಡೀ ಓಣಿಯೇ ಹೆದರುತ್ತಿತ್ತು. ಹೆದರದವಳು ಗೋಡೆಯಾಚೆಯ ನೆಗೆಣ್ಣಿ ತಾರಾಬಾಯಿ ಒಬ್ಬಳೇ.

ಇಬ್ಬರ ಗಂಡಂದಿರೂ ಒಡಹುಟ್ಟಿದವರು. ಚಂದ್ರಮತಿಯ ಗಂಡ ಅಣ್ಣ ರಾವಸಾಹೇಬ, ತಾರಾಬಾಯಿಯ ಗಂಡ ತಮ್ಮ ಭಾವುಸಾಹೇಬ. ಹೊಲ ಹಂಚಿಕೊಂಡರು, ಮನೆ ಹಂಚಿಕೊಂಡರು, ನಡುವೆ ಗೋಡೆ ಎಬ್ಬಿಸಿ ಮಾತು ಬಿಟ್ಟರು. ಆಮೇಲೆ ಎರಡು ಮನೆಗಳ ನಡುವೆ ಓಡಾಡುತ್ತಿದ್ದದ್ದು ಒಂದು ಸ್ಟೀಲಿನ ಡಬ್ಬಿ. ಅತ್ತಲಿಂದ ಹೋಳಿಗೆ ಬಂದರೆ ಇತ್ತಲಿಂದ ಉಂಡೆ ಹೋಗಬೇಕು. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹೋಗಬೇಕು. ಡಬ್ಬಿಯನ್ನು ಬರಿದಾಗಿ ಹಿಂತಿರುಗಿಸಿದರೆ ಸಂಬಂಧವನ್ನೇ ತೊಳೆದು ಕೊಟ್ಟಂತೆ.

ಡಬ್ಬಿ ಹೊತ್ತು ತಿರುಗುತ್ತಿದ್ದವಳು ತಾರಾಬಾಯಿಯ ಮಗಳು ರಾಜಮತಿ. ಮಕ್ಕಳಿಲ್ಲದ ಚಂದ್ರಮತಿ ಎತ್ತಿ ಆಡಿಸಿದ, ಹೇನು ಹೆಕ್ಕಿ ಹೆರಳು ಹಾಕಿದ ಹುಡುಗಿ. ಅವಳ ಲಗ್ನದಲ್ಲಿ ತಾನು ಮನೆಯವಳಾಗಿ ನಿಲ್ಲಬೇಕು, ಅರಿಸಿನವನ್ನು ತನ್ನ ಕೈಯಿಂದಲೇ ಹಚ್ಚಬೇಕು. ಚಂದ್ರಮತಿಗೆ ಈ ಜೀವದಲ್ಲಿ ಉಳಿದಿದ್ದ ಆಸೆ ಅದೊಂದೇ.

ಯುಗಾದಿ ಮುಗಿದ ಮೇಲೆ ರಾಜಮತಿ ಅದೇ ಡಬ್ಬಿಯಲ್ಲಿ ಪೇಢೆ ತಂದು, "ದೊಡ್ಡವ್ವ, ನಿಪ್ಪಾಣಿ ಮನಿತನ ಗಟ್ಟಿ ಆತು" ಅಂದಳು.

ತನ್ನನ್ನು ಒಂದು ಮಾತು ಕೇಳದೆ ಹುಡುಗಿಯನ್ನು ಕೊಟ್ಟುಬಿಟ್ಟರೇ? ಚಂದ್ರಮತಿಯ ಮೈಯೆಲ್ಲ ಉರಿದುಹೋಯಿತು. ಪೇಢೆಯನ್ನು ತಾಟಿಗೆ ಸುರಿದಳು, ಡಬ್ಬಿಯನ್ನು ಬೂದಿ ಹಚ್ಚಿ ತಿಕ್ಕಿದಳು, ಬರಿದನ್ನೇ ಹುಡುಗಿಯ ಕೈಗಿಟ್ಟಳು.

"ನಿಮ್ಮವ್ವಗ ಕೊಡು. ತಿಳೀತೈತಿ ಆಕಿಗೆ."

ತಾರಾಬಾಯಿ ಜಗಳಕ್ಕೆ ಬರುತ್ತಾಳೆ, ಬಂದರೆ ಇಬ್ಬರೂ ಬೈದಾಡಿ ಅತ್ತು ಹಗುರಾಗಬಹುದು ಎಂದು ಆಕೆಯ ಲೆಕ್ಕ. ತಾರಾಬಾಯಿ ಬರಲೇ ಇಲ್ಲ.

ಮುಂದಿನ ತಿಂಗಳು ಸಾಕರಪುಡಾ ಆಯಿತು. ಬೀಗರು ಬಂದು ಹುಡುಗಿಯ ಉಡಿಗೆ ಸಕ್ಕರೆಯ ಪುಡಾ ಹಾಕಿ ಮಾತು ಗಟ್ಟಿಮಾಡುವ ಕಾರ್ಯ. ಗೋಡೆಯಾಚೆ ನಗು, ಗದ್ದಲ, ತಾಟುಗಳ ಸದ್ದು. ಇತ್ತ ಕರೆಯಲು ಯಾರೂ ಬರಲಿಲ್ಲ. ಮರುದಿನ ಮುಂಜಾನೆ ಅವರ ಮನೆಗೆಲಸದ ಹೊಳೆವ್ವ ಬಂದು ಕಟ್ಟೆಯ ಮೇಲೆ ಒಂದು ಕ್ಯಾರಿಬ್ಯಾಗು ಇಟ್ಟಳು. ಒಳಗೆ ಸಕ್ಕರೆ, ಎರಡು ಪೇಢೆ.

"ಡಬ್ಬಿ ಎಲ್ಲೈತಿ?"

"ಊರಿಗೆಲ್ಲಾ ಹಿಂಗ ಹಂಚಾಕತ್ತೀವ್ರೀ ಅಕ್ಕಾರ. ತಿರಗಿ ಕೊಡೂದ್ ಏನೂ ಇಲ್ಲಂತ. ಚೀಲಾ ಒಗದ್ರ ಆತಂತ್ರಿ."

ಒಗೆದರೆ ಆಯಿತು! ಸಕ್ಕರೆ ತಿನ್ನು, ಚೀಲವನ್ನು ತಿಪ್ಪೆಗೆ ಬಿಸಾಡು, ಅಲ್ಲಿಗೆ ಋಣ ಹರಿಯಿತು! ಚಂದ್ರಮತಿ ಚೀಲವನ್ನು ಎತ್ತಿಕೊಂಡವಳೇ ಗೋಡೆ ಎದ್ದಾಗಿನಿಂದ ತುಳಿಯದ ಹೊಸ್ತಿಲಿನ ಮುಂದೆ ಹೋಗಿ ನಿಂತಳು.

"ತಾರಾ! ಊರ ಮಂದಿಗೆ ಹಂಚೂದನ್ನ ನನಗ ಕಳಸ್ತಿ? ಈ ಹುಡುಗೀನ ಸಾಕಿದಾಕಿ ನಾ. ನನ್ನ ಮನ್ಯಾಗಿಂದ ಒಂದ್ ಹಿಡಿ ಸಕ್ಕರಿ ತಿರಗಿ ಬಂದ್ರ ನಿನ್ನ ಮನಿ ಮೈಲಿಗಿ ಆಕ್ಕೈತೇನ?"

ತಾರಾಬಾಯಿ ಕದ ಹಿಡಿದೇ ನಿಂತಳು. "ನನಗ್ಯಾಕ ಬೈತೀರಿ? ಡಬ್ಬಿ ಬ್ಯಾಡ ಅಂದಾಕಿ ನೀವು ಸಾಕಿದ ಮಗಳ. ಆಕೀನ್ನ ಕೇಳ್ರಿ."

ರಾಜಮತಿ ಒಳಗಿನಿಂದ ಬಂದಳು. ಮುಖ ಕೆಂಪಾಗಿತ್ತು.

"ಹೌದು, ನಾನ ಬ್ಯಾಡ ಅಂದೆ. ಅವತ್ತ ಬರೇ ಡಬ್ಬಿ ಕೊಟ್ಟಿ ನೀ. ಓಢಣಿಯಾಗ ಮುಚ್ಚಿಕೊಂಡ ಬಂದೆ. ಏನ್ ಕೊಟ್ರು ಅಂತ ಅವ್ವ ಕೇಳಿದ್ಲು. ಉಂಡಿ ಕೊಟ್ಟಿದ್ರು, ಬಾಗಲದಾಗ ನಿಂತ ನಾನ ತಿಂದೆ ಅಂದೆ. ಮತ್ತೊಮ್ಮೆ ಡಬ್ಬಿ ಖಾಲಿ ಬಂದ್ರ ಮತ್ತ ಸುಳ್ಳ ಹೇಳಬೇಕು. ನನ್ನ ಕೈಲಿ ಆಗಂಗಿಲ್ಲ ದೊಡ್ಡವ್ವ."

ಚಂದ್ರಮತಿಯ ಸಿಟ್ಟು ತಾರಾಬಾಯಿಯನ್ನು ಮುಟ್ಟಿಯೇ ಇರಲಿಲ್ಲ. ಅದನ್ನು ಇಷ್ಟು ದಿನ ಈ ಹುಡುಗಿ ಒಬ್ಬಳೇ ಹೊತ್ತಿದ್ದಳು.

ತಾರಾಬಾಯಿ ಮಗಳನ್ನು ನೋಡಿದಳು, ಆಮೇಲೆ ನೆಗೆಣ್ಣಿಯನ್ನು.

"ಲಗ್ನದ ಹುಡುಗಿ ಕೈಯಾಗ ಖಾಲಿ ಡಬ್ಬಿ ಕೊಟ್ರಿ?" ಅಂದಳು. ದನಿ ಏರಿಸಲಿಲ್ಲ. "ಅರಿಸಿನಾ ನೀವ ಹಚ್ಚಬೇಕಂತ ಗಂಡನ ಜೋಡಿ ದಿನಾ ಜಗಳಾಡೀನಿ ನಾ. ನಿನ್ನೆ ಹೂಂ ಅಂದಾರ. ಇವತ್ತ ನಾನ ಕರಿಯಾಕ ಬರಾಕಿ ಇದ್ದೆ."

ಚಂದ್ರಮತಿ ಕೈ ಮುಂದೆ ಚಾಚಿದಳು. ತಾರಾಬಾಯಿ ಕದವನ್ನು ಅರ್ಧ ಎಳೆದುಕೊಂಡಳು.

"ಅರಿಸಿನಕ್ಕ ಬ್ಯಾಡ, ಅಕ್ಷತಾಕ ಬರ್ರಿ. ಊರ ಮಂದಿ ಬಂದಂಗ ಬಂದು, ಉಂಡು ಹೋಗ್ರಿ."