ಹದಿನಾಲ್ಕನೇ ಬೀದಿಗೆ ಇಬ್ಬರು

“ಇಬ್ಬರು” ಎಂದು ಥರ್ಮನ್ ಕಾರಿನೊಳಗೆ ಒಬ್ಬನೇ ಕೂತು ಹೇಳಿ ನೋಡಿದ. ಕೆಮ್ಮಿ ಇನ್ನೊಮ್ಮೆ ಹೇಳಿದ. “ಹದಿನಾಲ್ಕನೇ ಬೀದಿ, ಇಬ್ಬರು.” ಮುಂದಿನ ಕಾರು ಒಂದು ಮೊಳ ಸರಿಯಿತು, ಇವನ ನೀಲಿ ಬ್ಯೂಕ್ ಕಾರೂ ಒಂದು ಮೊಳ ಸರಿಯಿತು. ವರ್ಜೀನಿಯಾದ ಡಿಸೆಂಬರ್‌ನಲ್ಲಿ ಮಳೆಯೂ ಅಲ್ಲದ ಹಿಮವೂ ಅಲ್ಲದ ಎಂಥದೋ ಒಂದು ಬೀಳುತ್ತದಲ್ಲ, ಅದು ಬೀಳುತ್ತಿತ್ತು. ವೈಪರ್ ಗಾಜನ್ನು ಒರೆಸುವುದಕ್ಕಿಂತ ಹೆಚ್ಚಾಗಿ ಗೊಣಗುತ್ತಿತ್ತು.

ಹೆದ್ದಾರಿಯ ಪಕ್ಕದ ಆ ಪಾರ್ಕಿಂಗ್ ಬಯಲಿನ ತುದಿಯಲ್ಲಿ, ಸೂರಿನ ಕೆಳಗೆ ಅರ್ಧ, ಹೊರಗೆ ಅರ್ಧ, ಜನ ಸಾಲಾಗಿ ನಿಂತಿದ್ದರು. ಬಸ್ಸಿಗೆ ಕಾದವರಲ್ಲ. ವಾಷಿಂಗ್ಟನ್ನಿಗೆ ಕೆಲಸಕ್ಕೆ ಹೊರಟ ಯಾರದೋ ಕಾರಿಗೆ ಕಾದವರು. ಕಾರಿನವರು ಕಿಟಕಿ ಇಳಿಸಿ ಹೋಗುವ ಜಾಗವನ್ನೂ ಬೇಕಾದ ತಲೆಗಳ ಲೆಕ್ಕವನ್ನೂ ಕೂಗುತ್ತಾರೆ, ಸಾಲಿನ ಮುಂದಿದ್ದವರು ಹತ್ತಿಕೊಳ್ಳುತ್ತಾರೆ. ಬಾಡಿಗೆ ಇಲ್ಲ. ಹೆಸರು ಕೇಳುವಂತಿಲ್ಲ. ಕಾರಿನವರು ತಾವಾಗಿ ಮಾತಾಡಿಸದ ಹೊರತು ಹತ್ತಿದವರು ಬಾಯಿ ಬಿಡುವಂತಿಲ್ಲ. ಇದನ್ನೆಲ್ಲ ಯಾರು ಯಾವಾಗ ಗೊತ್ತು ಮಾಡಿದರೋ ಯಾರಿಗೂ ತಿಳಿಯದು, ಆದರೆ ಸರ್ಕಾರದ ಕಾನೂನು ಮುರಿಯುವವರೂ ಇದನ್ನು ಮುರಿಯುವುದಿಲ್ಲ.

ಎಲ್ಲ ನಡುವಿನ ದಾರಿಯ ಮಹಿಮೆ. ಹೆದ್ದಾರಿಯ ಮಧ್ಯೆ ಗೋಡೆ ಹಾಕಿ ಬೇರೆ ಮಾಡಿದ ದಾರಿ ಅದು. ಬೆಳಿಗ್ಗೆ ನಗರದ ಕಡೆಗೆ ಓಡುತ್ತದೆ, ಮಧ್ಯಾಹ್ನ ಕಳೆದರೆ ಅದೇ ದಾರಿ ತಿರುಗಿಕೊಂಡು ಮನೆಯ ಕಡೆಗೆ ಓಡುತ್ತದೆ. ಅಲ್ಲಿ ಸುಂಕದ ಕಟ್ಟೆಯಿಲ್ಲ, ಕೈಚಾಚುವವರಿಲ್ಲ. ಕಾರಿನ ಗಾಜಿಗೆ ಅಂಟಿಸಿದ ಸಣ್ಣ ಡಬ್ಬಿಯನ್ನು ರಸ್ತೆಯ ಮೇಲಿನ ಕಮಾನು ಓದಿಕೊಂಡು ಲೆಕ್ಕ ಹಾಕಿಕೊಳ್ಳುತ್ತದೆ. ದರ ಮಾತ್ರ ನಿಂತಲ್ಲಿ ನಿಲ್ಲದು. ಕಾರು ಹೆಚ್ಚಾದ ಹಾಗೆಲ್ಲ ಬೋರ್ಡಿನ ಮೇಲಿನ ಅಂಕಿ ಏರುತ್ತದೆ. ಏರಿದ್ದು ನೋಡಿ ಅರ್ಧ ಜನ ಹೆದರಿ ಹೊರಗಿನ ದಾರಿಯಲ್ಲೇ ಉಳಿಯಬೇಕು, ಒಳಗೆ ಹೋದವರ ಕಾರು ನಿಲ್ಲದೆ ಓಡಬೇಕು, ಅದರ ಹಿಕಮತ್ತು ಅಷ್ಟೇ. ಕಾರಿನಲ್ಲಿ ಮೂವರಿದ್ದರೆ ಮಾತ್ರ ಪುಕ್ಕಟೆ. ಡಬ್ಬಿಯ ಗುಂಡಿಯನ್ನು ‘ಮೂವರು’ ಎನ್ನುವ ಕಡೆಗೆ ಸರಿಸಿದರಾಯಿತು.

“ಈ ಬೋರ್ಡು ಥೇಟ್ ನಮ್ಮತ್ತೆ,” ಎನ್ನುತ್ತಿದ್ದಳು ಅವನ ಹೆಂಡತಿ ಅರ್ನೆಟಾ. “ಮನೆಗೆ ಜನ ಬಂದಷ್ಟೂ ಸಿಟ್ಟು ಏರುತ್ತೆ. ಮೂರು ಜನ ಒಟ್ಟಿಗೆ ಎದುರು ನಿಂತರೆ ಮಾತ್ರ ಬಾಯಿ ಮುಚ್ಕೋತಾಳೆ.” ಸತ್ತ ತಾಯಿಯ ಬಗ್ಗೆ ಹೀಗೆ ಅನ್ನಬಾರದು ಎಂದು ಥರ್ಮನ್ ಪ್ರತಿಸಲವೂ ಹೇಳುತ್ತಿದ್ದ, ಪ್ರತಿಸಲವೂ ನಗುತ್ತಿದ್ದ.

ಗಂಡ ಹೆಂಡತಿ ಇಬ್ಬರೂ ಹದಿನಾಲ್ಕನೇ ಬೀದಿಗೇ ಹೋಗುವವರು. ಅವನಿಗೆ ಒಂದು ಸರ್ಕಾರಿ ಕಟ್ಟಡದ ನೆಲಮಾಳಿಗೆಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸ, ಅವಳು ಎದುರಿನ ಕಟ್ಟಡದ ಕ್ಯಾಂಟೀನಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ. ತಾವೇ ಇಬ್ಬರಿದ್ದುದರಿಂದ ಅವರಿಗೆ ಬೇಕಾಗಿದ್ದದ್ದು ಇನ್ನೊಂದೇ ತಲೆ. ಕಿಟಕಿ ಇಳಿಸಿ “ಹದಿನಾಲ್ಕನೇ ಬೀದಿ, ಒಬ್ಬರು!” ಎಂದು ಕೂಗುವವಳು ಅವಳು. ಹತ್ತಿದವರನ್ನು ಮಾತಾಡಿಸುವವಳು ಅವಳು. ಯಾರ ಮಗಳಿಗೆ ಮದುವೆ, ಯಾರ ಮಂಡಿಗೆ ಆಪರೇಷನ್, ಎಲ್ಲ ಅವಳಿಗೆ ಗೊತ್ತು. ಥರ್ಮನ್ ಸ್ಟೀರಿಂಗ್ ಹಿಡಿದು ಕೇಳಿಸಿಕೊಳ್ಳುತ್ತಿದ್ದ. ಸಾಲಿನವರಿಗೆ ಅವನ ಹೆಸರು ಕೂಡ ಗೊತ್ತಿರಲಿಲ್ಲ. ಅವನು ‘ನೀಲಿ ಬ್ಯೂಕ್’, ಇಲ್ಲವೇ ‘ಅರ್ನೆಟಾನ ಗಂಡ.’

ಅಕ್ಟೋಬರ್‌ನಲ್ಲಿ ಅವಳನ್ನು ಮಣ್ಣು ಮಾಡಿದ ಮೇಲೆ ಅವನು ಈ ಬಯಲಿನ ಕಡೆ ತಲೆ ಹಾಕಿರಲಿಲ್ಲ. ಕೆಲವು ದಿನ ಗುಂಡಿಯನ್ನು ‘ಒಂಟಿ’ ಕಡೆಗೆ ತಳ್ಳಿ, ಬೋರ್ಡು ಕೇಳಿದಷ್ಟು ತೆತ್ತು ಹೋದ. ಕೆಲವು ದಿನ ಹೊರಗಿನ ದಾರಿಯಲ್ಲಿ ತೆವಳಿದ. ತೆವಳಿದ ದಿನವೆಲ್ಲ ಕೆಲಸಕ್ಕೆ ತಡ. “ಇನ್ನೊಂದು ಸಲ ತಡವಾದರೆ ಸಂಜೆ ಪಾಳಿಗೆ ಹಾಕ್ತೀನಿ ಕಣಯ್ಯಾ, ಬೇಜಾರು ಮಾಡ್ಕೋಬೇಡ,” ಎಂದಿದ್ದ ಮೇಲಧಿಕಾರಿ ಹಾಲಿಸ್. ಸಂಜೆ ಪಾಳಿಯೆಂದರೆ ಇಡೀ ಕಟ್ಟಡ ಖಾಲಿಯಾದ ಮೇಲೆ ಬಾಯ್ಲರಿನ ಜೊತೆ ಒಬ್ಬನೇ. ಈಗ ಮನೆಯಲ್ಲಿ ಒಬ್ಬನೇ ಇರುವುದು ಸಾಲದೇ?

ಈ ಬೆಳಿಗ್ಗೆ ಹೊರಗಿನ ದಾರಿಯಲ್ಲಿ ಲಾರಿಯೊಂದು ಮಗುಚಿಕೊಂಡಿತ್ತು. ಬೋರ್ಡು ಮೂವತ್ತನಾಲ್ಕು ಡಾಲರ್ ತೋರಿಸುತ್ತಿತ್ತು. ಥರ್ಮನ್ ಅದನ್ನೇ ಒಂದು ಗಳಿಗೆ ನೋಡಿ ಬಯಲಿನ ಕಡೆಗೆ ತಿರುಗಿಸಿದ್ದ. ಮಾಡಬೇಕಾದ್ದು ಇಷ್ಟೇ: ಕಿಟಕಿ ಇಳಿಸಬೇಕು, ಒಬ್ಬರು ಎನ್ನುವ ಕಡೆ ಇಬ್ಬರು ಎನ್ನಬೇಕು.

ಅವನ ಸರದಿ ಬಂತು. ಆಚೆ ಬದಿಯ ಕಿಟಕಿ ಇಳಿಯಿತು. ತಣ್ಣನೆಯ ಗಾಳಿ ಖಾಲಿ ಸೀಟನ್ನು ದಾಟಿಕೊಂಡು ಬಂದು ಮುಖಕ್ಕೆ ಬಡಿಯಿತು.

“ಹದಿನಾಲ್ಕನೇ ಬೀದಿ,” ಎಂದು ಕೂಗಿದ. “ಒಬ್ಬರು!”

ಹಿಂದಿನ ಬಾಗಿಲು ತೆರೆಯಿತು, ಮುಚ್ಚಿತು. ಬಾಗಿಲ ಸದ್ದಿಗೆ ಅವನ ಕೈ ತಾನಾಗಿ ಮೇಲೆ ಹೋಗಿ ಡಬ್ಬಿಯ ಗುಂಡಿಯನ್ನು ‘ಮೂವರು’ ಕಡೆಗೆ ಸರಿಸಿತು. ಕಾರು ಹೊರಟಿತು.

ಹತ್ತಿದವಳು ನೊಹೆಮಿ. ಎಲ್ ಸಾಲ್ವಡಾರ್‌ನವಳು, ಹಲ್ಲಿನ ಡಾಕ್ಟರೊಬ್ಬರ ಹತ್ತಿರ ಸಹಾಯಕಿ, ಈ ಕಾರಿನಲ್ಲಿ ಎಷ್ಟೋ ಸಲ ಬಂದವಳು. ಕೂತ ಕೂಡಲೇ ಅವಳಿಗೆ ಮುಂದಿನ ಸೀಟು ಖಾಲಿಯಿರುವುದು ಕಂಡಿತು. ಮೇಡಂ ದಾರಿಯಲ್ಲೆಲ್ಲೋ ಹತ್ತಿಕೊಳ್ಳಬಹುದು ಎಂದುಕೊಂಡಳು. ಆಮೇಲೆ ಗುಂಡಿ ಸರಿದದ್ದು ಕಂಡಿತು. ಕಾರು ನಡುವಿನ ದಾರಿಗೆ ಸೇರುವ ಇಳಿಜಾರಿನತ್ತ ನೆಟ್ಟಗೆ ಹೋಗುತ್ತಿರುವುದೂ ಕಂಡಿತು. ದಾರಿಯ ಬಾಯಲ್ಲಿ ಪೊಲೀಸ್ ಕಾರೊಂದು ದೀಪ ಮಿನುಗಿಸುತ್ತ ನಿಂತಿತ್ತು, ಪೊಲೀಸಿನವನು ಒಂದೊಂದೇ ಕಾರಿನೊಳಗೆ ಇಣುಕಿ ತಲೆ ಎಣಿಸುತ್ತಿದ್ದ. ನೊಹೆಮಿ ಕೈಚೀಲದ ಹಿಡಿಯನ್ನು ತಿರುಚಿದಳು. ಮಾತಾಡುವಂತಿಲ್ಲ. ಮಾತಾಡದಿದ್ದರೆ ಮುದುಕ ದಂಡ ತೆರುತ್ತಾನೆ. ಸಿಗ್ನಲ್ ಕೆಂಪಾಯಿತು.

“ಸಾರ್,” ಎಂದಳು ಕೊನೆಗೆ. “ತಪ್ಪು ತಿಳ್ಕೋಬೇಡಿ. ಮಾತಾಡಬಾರದು ಅಂತ ನಂಗೊತ್ತು.”

“ಏನಮ್ಮ?”

“ನಾವು ಇಬ್ಬರೇ ಇದ್ದೀವಿ.”

“ಇಲ್ಲ ಕಣಮ್ಮ, ಮೂವರು,” ಎಂದ ಥರ್ಮನ್, ರಸ್ತೆಯಿಂದ ಕಣ್ಣು ಕೀಳದೆ.

ಆಮೇಲೆ ಪಕ್ಕಕ್ಕೆ ನೋಡಿದ.

ಸಿಗ್ನಲ್ ಹಸಿರಾಯಿತು. ಹಿಂದಿನ ಕಾರು ಹಾರ್ನ್ ಹೊಡೆಯಿತು. ಅದರ ಹಿಂದಿನದೂ ಹೊಡೆಯಿತು. ಥರ್ಮನ್ ಕದಲಲಿಲ್ಲ. ನೊಹೆಮಿ ಮುಂದಕ್ಕೆ ಬಾಗಿ, ಎತ್ತು ತಿರುಗಿಸುವವರ ಹಾಗೆ ಅವನ ಭುಜ ಮುಟ್ಟಿ, “ಬಲಕ್ಕೆ ತಗೊಳ್ಳಿ ಸಾರ್, ಬಲಕ್ಕೆ. ಅಲ್ಲಿ ಪೆಟ್ರೋಲ್ ಬಂಕ್ ಇದೆ ನೋಡಿ, ಹಾಂ, ಅಲ್ಲಿಗೆ,” ಎಂದಳು. ಕಾರು ಬಂಕಿನ ಮೂಲೆಯಲ್ಲಿ, ಗಾಳಿ ತುಂಬುವ ಯಂತ್ರದ ಪಕ್ಕ ನಿಂತಿತು.

“ಮೇಡಂ ಇವತ್ತು ಬರ್ಲಿಲ್ವಾ?”

“ಮೇಡಂ ಇಲ್ಲಮ್ಮ.”

“ಊರಿಗೆ ಹೋದ್ರಾ?”

“ಊರಿಗಲ್ಲ.”

ನೊಹೆಮಿಗೆ ಅರ್ಥವಾಯಿತು. ಎದೆಯ ಮೇಲೆ ಶಿಲುಬೆ ಬರೆದುಕೊಂಡಳು. “ಅಯ್ಯೋ ದೇವರೇ. ಯಾವಾಗ ಸಾರ್?”

“ಅಕ್ಟೋಬರ್.”

“ನಮಗೆ ಯಾರಿಗೂ ಗೊತ್ತಿಲ್ವಲ್ಲ! ನಮ್ಮ ಸಾಲಿನ ಸಾರ್ಜೆಂಟ್ ಏನಂದ್ರು ಗೊತ್ತಾ? ನೀಲಿ ಬ್ಯೂಕು ನಿವೃತ್ತಿ ತಗೊಂಡಿದೆ, ಫ್ಲೋರಿಡಾದಲ್ಲಿ ಮೀನು ಹಿಡ್ಕೊಂಡು ಕೂತಿದೆ ಅಂದ್ರು.”

ಥರ್ಮನ್‌ನ ಗಂಟಲಿನಿಂದ ನಗೆಯಂಥದೊಂದು ಹೊರಬಂತು. “ಬ್ಯೂಕು ಮೀನು ಹಿಡಿಯುತ್ತಾ?”

“ನಾನೂ ಅದನ್ನೇ ಕೇಳ್ದೆ.”

ಗಾಜಿನ ಮೇಲೆ ಬಿದ್ದದ್ದು ನೀರಾಗಿ ಇಳಿಯುತ್ತಿತ್ತು. ಥರ್ಮನ್ ಕೈಯೆತ್ತಿ ಗುಂಡಿಯನ್ನು ಮತ್ತೆ ‘ಒಂಟಿ’ ಕಡೆಗೆ ತಳ್ಳಿದ. “ನಿನಗೆ ತಡವಾಗೋದು ಬೇಡ. ದುಡ್ಡು ಕೊಟ್ಟೇ ಹೋಗೋಣ.”

“ಹುಚ್ಚಾ ನಿಮಗೆ? ಈಗ ಎಷ್ಟಾಗಿದೆ ಅಂತ ನೋಡಿದ್ರಾ? ಅಷ್ಟರಲ್ಲಿ ನಮ್ಮ ಮನೇಲಿ ಒಂದು ವಾರ ಕೋಳಿ ಸಾರು ಆಗುತ್ತೆ. ವಾಪಸ್ ತಿರುಗಿಸಿ ಸಾರ್. ನಾನಿದ್ದೀನಲ್ಲ, ಇನ್ನೊಬ್ಬರು ಬಂದ್ರೆ ಸಾಕು.”

“ಅಲ್ಲಿ ಕೇಳ್ತಾರೆ.”

“ಕೇಳ್ತಾರೆ.”

“ನೀನು ಹೇಳ್ತೀಯಾ?” ಎಂದ ಥರ್ಮನ್. ಕೇಳಿದ್ದಕ್ಕೆ ಅವನಿಗೇ ನಾಚಿಕೆಯಾದ ಹಾಗೆ ಸ್ಟೀರಿಂಗ್ ನೋಡಿದ.

“ಬೇರೆ ಏನು ಬೇಕಾದ್ರೂ ಹೇಳ್ತೀನಿ,” ಎಂದಳು. “ಅದನ್ನ ಹೇಳಲ್ಲ ಸಾರ್. ಅದು ನಿಮ್ಮ ಮಾತು. ನಾನಾಡಿದ್ರೆ ಚೆನ್ನಾಗಿರಲ್ಲ.”

ಬಯಲಿಗೆ ಮರಳಿದಾಗ ಸಾಲಿನ ಮುಂದೆ ಸಾರ್ಜೆಂಟ್ ಪ್ರೂಯಿಟ್ ನಿಂತಿದ್ದ. ಸೈನ್ಯ ಬಿಟ್ಟು ಎಷ್ಟೋ ವರ್ಷವಾಗಿದ್ದರೂ ಹುದ್ದೆಯ ಹೆಸರು ಅವನನ್ನು ಬಿಟ್ಟಿರಲಿಲ್ಲ. ತೆಂಗಿನ ಮರದಂಥ ಆಳು. ಕಿವಿ ಮುಚ್ಚುವ ತುಪ್ಪಳದ ಟೋಪಿ. ಯಾರೂ ನೇಮಿಸದಿದ್ದರೂ ಸಾಲಿಗೆ ಅವನೇ ಯಜಮಾನ. ಯಾರಾದರೂ ನಡುವೆ ತೂರಿದರೆ, ಕಾರಿನಲ್ಲಿ ತಿಂಡಿ ಬಿಚ್ಚಿದರೆಂದು ಗೊತ್ತಾದರೆ, ಅವನು ಬೈಯದೆ ಬಿಟ್ಟಿದ್ದಿಲ್ಲ.

“ಒಬ್ಬರು,” ಎಂದ ಥರ್ಮನ್ ಕಿಟಕಿ ಇಳಿಸಿ.

“ಏನಯ್ಯಾ ನೀಲಿ ಬ್ಯೂಕ್!” ಪ್ರೂಯಿಟ್ ಸೊಂಟ ಬಗ್ಗಿಸಿದ. “ಈಗ ತಾನೆ ಈ ಹುಡುಗೀನ ಕರ್ಕೊಂಡು ಹೋದೆ. ಏನು, ಅಂಗಡಿಗೆ ವಾಪಸ್ ಕೊಡೋಕೆ ಬಂದ್ಯಾ? ಬಿಲ್ ಇಟ್ಕೊಂಡಿದ್ದೀಯಾ?” ಹಿಂದಿನವರು ನಕ್ಕರು. ಅವನ ಕಣ್ಣು ಮುಂದಿನ ಸೀಟಿನ ಮೇಲೆ ನಿಂತಿತು. “ಎಲ್ಲಿ ಯಜಮಾನಿ? ಇಷ್ಟೊತ್ತಿಗೆ ನನ್ನ ಟೋಪಿಗೆ ಏನಾದರೂ ಅಂದಿರಬೇಕಿತ್ತಲ್ಲ. ಸತ್ತ ಮೊಲ ಅಂತಲೋ ಏನೋ.”

ನೊಹೆಮಿ ತನ್ನ ಕಡೆಯ ಕಿಟಕಿಯಾಚೆಗೆ ನೋಡುತ್ತಿದ್ದಳು.

“ತೀರ್ಕೊಂಡ್ಲು ಸಾರ್ಜೆಂಟ್,” ಎಂದ ಥರ್ಮನ್. ಅವನ ದನಿ ಸಾಲಿನಲ್ಲಿ ನಾಲ್ಕಾರು ಜನಕ್ಕೆ ಕೇಳುವಷ್ಟಿತ್ತು. “ಈಗ ನಾನೊಬ್ಬನೇ. ನಾಳೆಯಿಂದ ನನಗೆ ದಿನಾ ಇಬ್ಬರು ಬೇಕು.”

ನಗು ನಿಂತಿತು. ಪ್ರೂಯಿಟ್ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಬೋಳು ತಲೆಯ ಮೇಲೆ ಹನಿಗಳು ಬಿದ್ದು ಕಿವಿಯ ಹಿಂದೆ ಇಳಿದವು. ಹಿಂದೆ ಕಾರುಗಳು ಸೇರುತ್ತಿದ್ದವು, ಒಬ್ಬರೂ ಹಾರ್ನ್ ಹೊಡೆಯಲಿಲ್ಲ.

“ಮುಂದೆ ಕೂರಲಾ,” ಎಂದ ಪ್ರೂಯಿಟ್ ತಗ್ಗಿದ ದನಿಯಲ್ಲಿ, “ಹಿಂದೆ ಕೂರಲಾ?”

ಥರ್ಮನ್ ಡಬ್ಬಿಯ ಗುಂಡಿಯನ್ನು ಮತ್ತೆ ‘ಮೂವರು’ ಕಡೆಗೆ ಸರಿಸಿದ. “ಮುಂದೆ,” ಎಂದ.

ಪೊಲೀಸಿನವನು ಬಗ್ಗಿ ಇಣುಕಿದ, ಒಂದು, ಎರಡು, ಮೂರು ಎಂದು ಗದ್ದದಲ್ಲೇ ಎಣಿಸಿ ಕೈ ಬೀಸಿದ. ಕಾರು ನಡುವಿನ ದಾರಿಗೆ ಇಳಿದು ಓಡತೊಡಗಿತು. ಗೋಡೆಯಾಚೆ ಹೊರಗಿನ ದಾರಿಯಲ್ಲಿ ಕೆಂಪು ದೀಪಗಳು ಅಲುಗದೆ ನಿಂತಿದ್ದವು. ಹಿಂದಾದರೆ ಇಷ್ಟರಲ್ಲಿ ಅರ್ನೆಟಾ ನೊಹೆಮಿಯ ತಮ್ಮನ ಕೆಲಸದ ವಿಷಯ ಕೇಳಿ, ಪ್ರೂಯಿಟ್‌ನ ಸಕ್ಕರೆ ಕಾಯಿಲೆಗೆ ಔಷಧಿ ಹೇಳಿ ಮುಗಿಸಿರುತ್ತಿದ್ದಳು. ಥರ್ಮನ್‌ಗೆ ಎಲ್ಲಿಂದ ಶುರು ಮಾಡಬೇಕೋ ತಿಳಿಯಲಿಲ್ಲ.

ಹೊಳೆಯ ಸೇತುವೆ ಬಂದಾಗ ಅವನು ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿದ. ಪ್ರೂಯಿಟ್‌ನ ಎರಡು ಮಂಡಿಗಳೂ ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡು ಎದೆಯ ಮಟ್ಟಕ್ಕೆ ಬಂದಿದ್ದವು. ಮಂಡಿಗಳ ಮೇಲೆ ಟೋಪಿ, ಟೋಪಿಯ ಮೇಲೆ ಗದ್ದ. ಅರ್ನೆಟಾ ಗಿಡ್ಡಿ. ಕಾಲು ನೆಲಕ್ಕೆ ಎಟಕಲಿ ಎಂದು ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡಿದ್ದವಳು. ಇಷ್ಟು ವರ್ಷದಲ್ಲಿ ಅಲ್ಲಿ ಬೇರೆ ಯಾರೂ ಕೂತವರಲ್ಲ, ಅದನ್ನು ಯಾರೂ ಸರಿಸಿದವರಲ್ಲ. ಪ್ರೂಯಿಟ್ ನೆಟ್ಟ ನೋಟದಲ್ಲಿ ರಸ್ತೆ ನೋಡುತ್ತಿದ್ದ. ನಿಯಮ ಮುರಿಯುವ ಜಾತಿಯಲ್ಲ ಅವನು. ಕಾಲು ಮರಗಟ್ಟಿ ಬಿದ್ದರೂ, ಕಾರಿನವನು ಕೇಳದೆ ತುಟಿ ಬಿಚ್ಚುತ್ತಿರಲಿಲ್ಲ.

ಒಂದು ತಿರುವು ದಾಟಿತು. ಇನ್ನೊಂದು ದಾಟಿತು. ಥರ್ಮನ್ ವೈಪರನ್ನು ಜೋರು ಮಾಡಿದ, ಮತ್ತೆ ನಿಧಾನ ಮಾಡಿದ.

“ಸಾರ್ಜೆಂಟ್,” ಎಂದ. “ಸೀಟಿನ ಕೆಳಗೆ ಕೈ ಹಾಕಿ. ಒಂದು ಕಂಬಿ ಇದೆ. ಅದನ್ನ ಎತ್ತಿ ಹಿಂದಕ್ಕೆ ತಳ್ಕೊಳ್ಳಿ.”

“ನಾನು ಆರಾಮಾಗಿದ್ದೀನಿ.”

“ಇಲ್ಲ, ಇಲ್ಲ. ತಳ್ಕೊಳ್ಳಿ.”

ಪ್ರೂಯಿಟ್ ಕಷ್ಟಪಟ್ಟು ಬಗ್ಗಿ ತಡಕಾಡಿದ. ಕಂಬಿ ಎದ್ದಿತು, ಸೀಟು ಕದಲಲಿಲ್ಲ. ಹಳಿ ಕಚ್ಚಿಕೊಂಡಿತ್ತು. “ತಾಳಿ, ನಾನೂ ಎಳೀತೀನಿ,” ಎಂದು ನೊಹೆಮಿ ಹಿಂದಿನಿಂದ ಸೀಟಿನ ಎರಡೂ ಬದಿ ಹಿಡಿದಳು. “ಈಗ!” ಒಮ್ಮೆ ಕಿರುಗುಟ್ಟಿತು, ಆಮೇಲೆ ಕಟಕಟ ಕಟಕಟ ಎನ್ನುತ್ತ ಕೊನೆಯವರೆಗೂ ಸರಿದುಹೋಯಿತು. ಪ್ರೂಯಿಟ್‌ನ ಬಾಯಿಂದ ತಾನಾಗಿ ಒಂದು ನಿಟ್ಟುಸಿರು ಬಂತು.

ಸೀಟು ಇದ್ದ ಜಾಗದಲ್ಲಿ ನೆಲಹಾಸಿನ ಒಂದು ಪಟ್ಟಿ ಹೊರಬಿದ್ದಿತ್ತು. ಉಳಿದ ಹಾಸೆಲ್ಲ ಸವೆದು ಬೂದಿ ಬಣ್ಣಕ್ಕೆ ತಿರುಗಿತ್ತು. ಆ ಪಟ್ಟಿ ಮಾತ್ರ ಕಾರು ತಂದ ದಿನದ ಹಾಗೆ ಗಾಢ ನೀಲಿಯಾಗಿತ್ತು. ಪ್ರೂಯಿಟ್ ಅದನ್ನು ನೋಡಿದ. ಒದ್ದೆಯಾದ ಬೂಟುಗಳನ್ನು ಎತ್ತಿ, ಅದಕ್ಕೆ ತಗುಲದ ಹಾಗೆ, ಆಚೆಗೆ ಚಾಚಿ ಇಟ್ಟುಕೊಂಡ.