ಮುಂದಾಳತ್ವಕ್ಕೆ ಯೋಗ್ಯರಲ್ಲ

ಗೋಡೆಗೆ ತೂಗುಹಾಕಿದ ಕೆಂಪು ಬಕೆಟ್ಟುಗಳಲ್ಲಿ ಮರಳಿಲ್ಲ, ಒಂದರಲ್ಲಿ ಯಾರೋ ಎಲೆ-ಅಡಿಕೆ ಉಗುಳಿದ್ದಾರೆ, ಇನ್ನೊಂದರಲ್ಲಿ ಚಹಾ ಕುಡಿದು ಎಸೆದ ಕಾಗದದ ಕಪ್ಪು, ಬೀಡಿ ತುಂಡು ಬೇರೆ — ಬೆಂಕಿ ಆರಿಸುವವರ ಕಚೇರಿಯ ವರಾಂಡದಲ್ಲೇ ಈ ಗತಿ, ಎದ್ದು ಹೋಗಿ ಚೊಕ್ಕ ಮಾಡಿ ಮರಳು ತುಂಬಬೇಕು ಅನಿಸಿತು ವಿರುಪಣ್ಣನಿಗೆ, ಮೂವತ್ತು ವರ್ಷದ ಚಾಳಿ, ಕೈ ಸುಮ್ಮನಿರುವುದಿಲ್ಲ, ಆದರೆ ಖಾಕಿ ಸುಕ್ಕಾದೀತು, ಮಲ್ಲೇಶ್ವರಿ ಗಂಜಿ ಹಾಕಿ ಇಸ್ತ್ರಿ ಮಾಡಿ ಕೊಟ್ಟದ್ದು, ಇವತ್ತು ಕೂತೇ ಇರಬೇಕು, ಕರೆದಾಗ ಏಳಬೇಕು, ಸೆಲ್ಯೂಟ್ ಹೊಡೆಯಬೇಕು, ಮೇಲಿನ ಸಾಹೇಬರು ಮೇಲ್ಮನವಿ ಕೇಳುತ್ತಾರೆ, ಕೇಳಿ ಆ ಒಂದು ಸಾಲನ್ನು ತೆಗೆಯುತ್ತಾರೋ ಇಡುತ್ತಾರೋ, ಅಷ್ಟೇ. ಒಂದೇ ಸಾಲು. ಜನರ ಮಾತಿಗೆ ಮಣಿಯುವ ಸ್ವಭಾವ, ಮುಂದಾಳತ್ವಕ್ಕೆ ಯೋಗ್ಯರಲ್ಲ. ವರ್ಷ ವರ್ಷವೂ ಉತ್ತಮ, ಉತ್ತಮ ಎಂದೇ ಬರುತ್ತಿದ್ದ ಗುಪ್ತ ವರದಿಯಲ್ಲಿ ಒಂದು ವರ್ಷ ಇದು ಬಂತು, ಸಾಕಾಯಿತು ನೋಡಿ, ಬಡ್ತಿಯ ಪಟ್ಟಿಯಲ್ಲಿ ಅವನ ಹೆಸರಿರಬೇಕಾದ ಜಾಗದಲ್ಲಿ ಗವಿಸಿದ್ದೇಶ ಬಂದು ಕೂತ, ಯಾವ ಗವಿಸಿದ್ದೇಶ, ನೀರಿನ ರಭಸ ತಡೆಯಲಾರದೆ ಪೈಪು ಹಿಡಿದ ಮೊದಲ ದಿನವೇ ಹಿಂದಕ್ಕೆ ಬಿದ್ದು ಕೆಸರಲ್ಲಿ ಕೂತವನು, ಎತ್ತಿ ನಿಲ್ಲಿಸಿ, ಕಾಲು ಅಗಲ ಇಡಪಾ, ಪೈಪು ಬಗಲಾಗ ಅವಚಿ ಹಿಡಿ ಅಂತ ಕಲಿಸಿದವನು ಇದೇ ವಿರುಪಣ್ಣ. ಮೊನ್ನೆ ಹೆಗಲಿಗೆ ಹೊಸ ನಕ್ಷತ್ರ ಹಚ್ಚಿಕೊಂಡು ಠಾಣೆಗೆ ಬಂದ, ವಿರುಪಣ್ಣ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದ, ಅವನು ಓಡಿ ಬಂದು ಕೈ ಹಿಡಿದುಕೊಂಡ, ಯಣ್ಣಾ, ನೀವು ಹೊಡೀಬ್ಯಾಡ್ರಿ, ನನಗ ಛಲೋ ಅನಸೂದಿಲ್ಲ ಅಂದ, ಹೊಡೀಬೇಕಪಾ, ನಾ ಹೊಡದದ್ದು ನಕ್ಷತ್ರಕ್ಕ, ನಿನಗಲ್ಲ, ಅಂದು ವಿರುಪಣ್ಣ ಎಲ್ಲರನ್ನೂ ನಗಿಸಿದ, ತಾನೂ ನಕ್ಕ, ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತ. ಹೆಂಡತಿಗೆ ಕೇಳಿಸಬಾರದೆಂದು ನಲ್ಲಿ ಬಿಟ್ಟದ್ದು, ಆಕೆಗೆ ನಲ್ಲಿಯ ಸದ್ದಿನಿಂದಲೇ ಗೊತ್ತಾಯಿತು.

ಅಂಗಳದ ಬೇವಿನ ಗಿಡಕ್ಕೆ ಒಂದು ಆಡು ಮುಂಗಾಲು ಕೊಟ್ಟು ನಿಂತು ಎಲೆ ಜಗ್ಗುತ್ತಿದೆ, ಆಡಿಗೇನು, ಹಸಿಯದನ್ನೂ ತಿನ್ನುತ್ತದೆ ಒಣಗಿದ್ದನ್ನೂ ತಿನ್ನುತ್ತದೆ, ಎಮ್ಮೆ ಹಾಗಲ್ಲ, ಹೊಗೆ ಹತ್ತಿ ನೀರು ಬಿದ್ದ ಜೋಳದ ಒಣದಂಟು, ಕಣಿಕಿಯನ್ನು ಎಮ್ಮೆ ಮೂಸಿ ಮುಖ ತಿರುಗಿಸುತ್ತದೆ, ಎರಡು ದಿನ ಬಿಟ್ಟರೆ ಆ ಕಣಿಕಿಗೆ ಬೂಷ್ಟು ಹಿಡಿಯುತ್ತದೆ, ಯಲಬುರ್ಗಾ ಕಡೆಯ ಹೊಲಮನೆಯಲ್ಲಿ ಹುಟ್ಟಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ತರಬೇತಿಯಲ್ಲಿ ಹೇಳಿಕೊಟ್ಟದ್ದು ಬೇರೆ, ಬಣವೆಗೆ ಬೆಂಕಿ ಬಿದ್ದರೆ ಸುಟ್ಟದ್ದನ್ನೂ ಸುಡದೆ ಉಳಿದದ್ದನ್ನೂ ಕೆದರಿ ಪೂರ್ತಿ ತೋಯಿಸು, ಕಿಡಿ ಒಳಗೆ ಮಲಗಿರುತ್ತದೆ, ಎಲ್ಲ ತಣ್ಣಗಾಗುವ ತನಕ ಜಾಗ ಬಿಟ್ಟು ಕದಲಬೇಡ. ಎರಡೂ ಗೊತ್ತಿತ್ತು ಅವನಿಗೆ, ಎರಡೂ ಗೊತ್ತಿದ್ದದ್ದೇ ಕೇಡಾಯಿತು. ಅಂದು ತಾವರಗೇರಾ ದಾಟಿ ಹೊಲದ ದಾರಿಗೆ ಇಳಿದಾಗ ಹೊಗೆ ಕಾಣಿಸಿತು, ಗಾಡಿ ಓಡಿಸುತ್ತಿದ್ದ ಶಾನವಾಜ, ಗಾಳಿ ಭಾಳ ಐತಿ ವಿರುಪಣ್ಣಾರ, ಪೂರಾ ಹೋಗಿರ್ತೈತಿ ಅಂದ, ಪೂರಾ ಹೋಗಿರಲಿಲ್ಲ, ಅರ್ಧ ಧಗಧಗ ಉರಿಯುತ್ತಿತ್ತು, ಇನ್ನರ್ಧ ಹಾಗೇ ನಿಂತಿತ್ತು, ಪಕ್ಕದಲ್ಲಿ ಬಣವೆಯ ಒಡತಿ ಹುಲಿಗವ್ವ, ಹಿಂದೆ ಮುಂದೆ ಯಾರೂ ಇಲ್ಲದ ಮುದುಕಿ, ಅಡ್ಡ ಬರಲಿಲ್ಲ ಆಕೆ, ಅದನ್ನು ಹೇಳಲೇಬೇಕು, ಪಕ್ಕಕ್ಕೆ ನಿಂತೇ ಕೈ ಮುಗಿದಳು, ಯಪ್ಪಾ, ಉರಿಯೂದಕ್ಕ ಹೊಡಿ, ಉಳದದ್ದಕ್ಕ ನೀರು ಹೊಡೀಬ್ಯಾಡೋ ನನ್ನಪ್ಪಾ, ತೊಯ್ದ ಕಣಿಕಿ ಎಮ್ಮಿ ಮುಟ್ಟೂದಿಲ್ಲ, ಮಳಿ ಬರೂತನಾ ಅದಕ್ಕೇನು ಹಾಕ್ಲಿ — ಆಕೆಯ ದನಿಯಲ್ಲಿ ಸತ್ತ ಅವ್ವನ ದನಿ ಕೇಳಿಸಿತೇ, ಛೇ, ಅಂಥದ್ದೇನೂ ಇಲ್ಲ, ಇಲ್ಲದ ಕಥೆ ಯಾಕೆ, ಕೇಳಿಸಿದ್ದು ಹುಲಿಗವ್ವನ ದನಿಯೇ, ಆಕೆ ಹೇಳುವುದು ಖರೆ ಅನಿಸಿತು, ಶಾನವಾಜಾ, ಈ ಕಡಿ ನೀರು ಬ್ಯಾಡಪಾ ಅಂದ. ಕೊಕ್ಕೆ ಹಾಕಿ ಒಣಗಿದ್ದನ್ನು ಬೇರೆ ಮಾಡಿಸಿದ, ಊರವರೂ ಕೈ ಹಚ್ಚಿದರು, ಹೊರೆ ಹೊರೆ ಹೊತ್ತು ಕೊಟ್ಟಿಗೆಯ ಗೋಡೆಗೆ ಒಟ್ಟಿದರು, ಹುಲಿಗವ್ವ ಎಲ್ಲರಿಗೂ ಮಜ್ಜಿಗೆ ಕೊಟ್ಟಳು, ಉಪ್ಪು ಒಂದಿಷ್ಟು ಜಾಸ್ತಿ ಬಿದ್ದಿತ್ತು, ಹೊಟ್ಟೆ ತಣ್ಣಗಾಯಿತು, ಆಕೆ ಅವನ ಕೆನ್ನೆ ಸವರಿ ನೆಟಿಗೆ ಮುರಿದಳು, ಆ ಹೊರೆಗಳಲ್ಲೊಂದರ ಒಳಗೆ ಕಿಡಿ ಇತ್ತು, ಯಾರು ಹೊತ್ತ ಹೊರೆಯೋ, ಅವನೇ ಹೊತ್ತದ್ದೂ ಇರಬಹುದು. ವಾಪಸು ಬರುವಾಗ ತಾವರಗೇರಾದ ಅಂಗಡಿಯಲ್ಲಿ ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಂಡಿದ್ದಾನೆ, ಫೋನು ಬರುತ್ತದೆ, ತಿರುಗಿ ಹೋಗುವಷ್ಟರಲ್ಲಿ ಕೊಟ್ಟಿಗೆಯ ಸೂರು ಒಳಕ್ಕೆ ಕುಸಿದಿದೆ, ಜನವೆಲ್ಲ ಸುಟ್ಟ ಬಣವೆಯ ಹತ್ತಿರ ಇತ್ತಂತೆ, ಕಣ್ಣಿ ಬಿಚ್ಚುವವರೇ ಇರಲಿಲ್ಲವಂತೆ. ಎಮ್ಮೆ, ಅದರ ಕರು. ಹುಲಿಗವ್ವ ಅವನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಗಾದರೆ ಆ ಸಾಲು ಸುಳ್ಳಲ್ಲ, ಮಣಿದದ್ದು ಹೌದು, ತಪ್ಪಿದ್ದು ಹೌದು, ಶಿಕ್ಷೆ ಕೊಟ್ಟಿದ್ದರೆ ತಲೆ ಬಗ್ಗಿಸಿ ತಗೊಳ್ಳುತ್ತಿದ್ದ, ಆದರೆ ಯೋಗ್ಯರಲ್ಲ ಅನ್ನುವುದು ಎಲ್ಲಿಂದ ಬಂತು, ಒಂದು ದಿನದ ತಪ್ಪಿಗೆ ಇಡೀ ಮನುಷ್ಯನನ್ನೇ ತೆಗೆದುಹಾಕುವುದೇ, ಗಂಗಾವತಿಯಲ್ಲಿ ಅಕ್ಕಿ ಗಿರಣಿಗೆ ಬೆಂಕಿ ಬಿದ್ದಾಗ ಮೊದಲು ಒಳಗೆ ಹೊಕ್ಕವರು ಯಾರು, ಹಿಟ್ನಾಳದ ಹತ್ತಿರ ಲಾರಿ ಮಗುಚಿದಾಗ, ತಗಡು ಕತ್ತರಿಸಿ ಡ್ರೈವರನನ್ನು ಎಳೆಯುವ ತನಕ ಅವನ ಕೈ ಹಿಡಿದುಕೊಂಡು, ನಿನ್ನ ಊರು ಯಾವುದೋ, ಮನ್ಯಾಗ ಯಾರ್ಯಾರು ಅದಾರೋ, ಮಾತಾಡೋ, ನಿದ್ದಿ ಮಾಡಬ್ಯಾಡೋ ಅಂತ ಕೂತವರು ಯಾರು, ಇದನ್ನೆಲ್ಲ ಮನವಿಯಲ್ಲಿ ಬರೆಯಬೇಕಂತೆ, ತನ್ನ ಬಗ್ಗೆ ತಾನೇ, ನಾಚಿಕೆಯಿಂದ ಸಾಯುವಂತಾಯಿತು, ಆದರೂ ಬರೆದ, ಮೊದಲನೆಯ ಮನವಿ ಪರಿಗಣಿಸಲು ಬರುವುದಿಲ್ಲ ಎಂದು ತಿರುಗಿ ಬಂತು. ಆಗ ಮಲ್ಲೇಶ್ವರಿ ರೊಟ್ಟಿ ಬಡಿಯುತ್ತಲೇ ಅಂದಳು, ಆ ಮುದುಕಿ ಅಡ್ಡ ಬಿದ್ಲು, ನೀರು ಹೊಡ್ಯಾಕ ಬಿಡ್ಲಿಲ್ಲ ಅಂತ ಬರೀರಿ, ಆಕಿನ್ನ ಕರಸಿ ಹೇಳಸ್ರಿ, ಸಾಲು ತಾನ ಹೋಗ್ತೈತಿ. ಆಕಿ ಅಡ್ಡ ಬಿದ್ದಿಲ್ಲಲೇ, ಕೈ ಮುಗದ್ಲು ಅಷ್ಟ, ಅಂದ ವಿರುಪಣ್ಣ. ಎರಡೂ ಒಂದ ಅಲ್ಲೇನ್ರಿ? ಒಂದ ಹೆಂಗಾಕ್ಕೈತಿ, ತಹಶೀಲ್ದಾರ ಆಫೀಸಿನ್ಯಾಗ ಆಕಿದು ಪರಿಹಾರದ ಅರ್ಜಿ ಐತಿ, ಬೆಂಕಿ ಆರಸಾಕ ಬಿಡದಾಕಿಗೆ ಸರಕಾರ ಎಮ್ಮಿ ಯಾಕ ಕೊಡ್ತೈತಿ, ಅರ್ಜಿ ಅಲ್ಲೇ ಸಾಯ್ತೈತಿ. ಆಕಿಗೆ ಎಮ್ಮಿ ಬರಲಿ, ನಿಮಗ? ಬರೂ ವರ್ಷ ರಿಟೈರು, ತೋಳಿಗೆ ಇದ ಪಟ್ಟಿ ಹಚಗೊಂಡು ಮನಿಗೆ ಬರ್ತೀರಿ, ಯೋಗ್ಯ ಅಲ್ಲ ಅಂತ ಹೇಳಿಸಿಕೊಂಡು ಬರ್ತೀರಿ, ನಾ ಜನರಿಗೆ ಏನು ಹೇಳ್ಲಿ — ಅಂದವಳು ರೊಟ್ಟಿಯನ್ನು ತಟ್ಟೆಗೆ ಎಸೆದಳು, ಆಮೇಲೆ ಎಷ್ಟೋ ದಿನ ಮಾತಿಲ್ಲ, ಆಕೆಯ ಸಿಟ್ಟಿನ ಒಳಗೆ ಎಷ್ಟು ನೋವಿದೆಯೆಂದು ಅವನಿಗೆ ಗೊತ್ತಿಲ್ಲವೇ, ಗೊತ್ತಿದೆ, ಅವನು ರಾತ್ರಿ ಪಾಳಿಗೆ ಹೋದಾಗೆಲ್ಲ ಫೋನು ತಲೆದಿಂಬಿನ ಹತ್ತಿರ ಇಟ್ಟುಕೊಂಡು ಮಲಗಿದ ಹೆಂಗಸು. ನಿನ್ನೆ ತಾನಾಗಿ ಮಾತಾಡಿಸಿದಳು, ಇಸ್ತ್ರಿ ಮಾಡಿಟ್ಟಳು, ಬೆಳಿಗ್ಗೆ ಅವನು ಏಳುವ ಮುಂಚೆಯೇ ತಯಾರಾಗಿದ್ದಳು, ಭಾಗ್ಯನಗರಕ್ಕ ತಂಗಿ ಮನಿಗೆ ಹೋಗಿ ಬರ್ತೀನಿ ಅಂದಳು, ಹೋಗಿ ಬಾ ಅಂದ. ಅವನೂ ನಿಶ್ಚಯ ಮಾಡಿಕೊಂಡು ಬಂದಿದ್ದಾನೆ, ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದಾನೆ, ಯಾರೂ ಅಡ್ಡ ಬರಲಿಲ್ಲ ಸಾಹೇಬ್ರ, ತೀರ್ಮಾನ ನಂದು, ತಪ್ಪು ನಂದು, ಬಡ್ತಿ ಕೊಡದಿದ್ರೂ ಅಡ್ಡಿಯಿಲ್ಲ, ಯೋಗ್ಯ ಅಲ್ಲ ಅನ್ನೂದೊಂದು ತಗೀರಿ. ಅಡ್ಡಿಯಿಲ್ಲ ಅನ್ನುವಲ್ಲಿ ಪ್ರತಿ ಸಲವೂ ತಡೆದು ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ. ಅಡ್ಡಿಯಿದೆ. ಆ ನಕ್ಷತ್ರ ಅವನಿಗೆ ಬೇಕು, ತುಂಬ ಬೇಕು.

ಬಾಗಿಲ ಪರದೆ ಸರಿಯಿತು, ಎದ್ದು ನಿಂತ, ಬಂದವನು ಗುಮಾಸ್ತ ಶಾಂತಕುಮಾರ, ಕೂಡ್ರಿ ಕೂಡ್ರಿ ವಿರುಪಣ್ಣಾರ, ನಿಮ್ಮ ಸಾಕ್ಷಿದು ಮುಗೀಲಿ, ಆಮ್ಯಾಲೆ ನಿಮ್ಮನ್ನ ಕರೀತಾರ. ನನ್ನ ಸಾಕ್ಷಿ? ನಾ ಯಾರನ್ನೂ ಕರಕೊಂಡು ಬಂದಿಲ್ಲಲ್ರಿ. ನಿಮ್ಮ ಮನಿಯವ್ರು ಕರಕೊಂಡು ಬಂದಾರಲ್ರಿ, ಆಫೀಸಿನ ಬಾಗಲಾ ತಗ್ಯೂದ್ರಾಗ ಬಂದು ನಿಂತಿದ್ರು, ಏನ್ ಗಟ್ಟಿ ಹೆಣ್ಮಗಳರೀ — ಮುಂದಿನದು ಕಿವಿಗೆ ಬೀಳಲಿಲ್ಲ, ಭಾಗ್ಯನಗರ, ತಂಗಿ, ಇಲ್ಲ, ತಾವರಗೇರಾ, ಯಾವಾಗ ಹೋಗಿದ್ದಳು, ನಿನ್ನೆಯೋ ಮೊನ್ನೆಯೋ, ಆ ಮುದುಕಿಯ ಮುಂದೆ ಏನು ಹೇಳಿದಳು, ಒಳಗೆ ಹೋಗಿ ನಿಲ್ಲಿಸಬೇಕು, ಕರೆಯದೆ ಒಳಗೆ ಹೋಗುವುದು ಹೇಗೆ, ಮೂವತ್ತು ವರ್ಷ ಕರೆಯದೆ ಸಾಹೇಬರ ಕೋಣೆಗೆ ಕಾಲಿಟ್ಟವನಲ್ಲ, ಉರಿಯುವ ಗಿರಣಿಗೆ ಹೋದ ಕಾಲು ಒಂದು ಪರದೆಯನ್ನು ದಾಟಲಿಲ್ಲ, ಥೂ ನಿನ್ನ, ಅಂತ ತನ್ನನ್ನೇ ಬೈದುಕೊಳ್ಳುತ್ತಿರುವಾಗ ಪರದೆ ಮತ್ತೆ ಸರಿದು ಹುಲಿಗವ್ವ ಹೊರಗೆ ಬಂದಳು. ಮೊಣಕೈ ಹಿಡಿದುಕೊಂಡು ಹಿಂದೆ ಮಲ್ಲೇಶ್ವರಿ, ಅವನನ್ನು ನೋಡಲಿಲ್ಲ, ಗೋಡೆ ನೋಡಿದಳು.

ಏನ್ ಸೊರಗೀಯೋ ಯಪ್ಪಾ, ಅಂದಳು ಹುಲಿಗವ್ವ, ಹತ್ತಿರ ಬಂದು ಸಣ್ಣ ದನಿಯಲ್ಲಿ, ನೌಕ್ರಿ ಹೋಗ್ತೈತಂತಲ್ಲೋ ನಿಂದು, ಈ ವಯಸ್ಸಿನ್ಯಾಗ ಎಲ್ಲಿ ಹೋಗ್ತಿ, ನಿನ್ನ ಹೆಂಡ್ತಿ ಅಳಕೋತ ಬಂದಿದ್ಲು, ನನಗೊಂದು ಮಾತು ಮೊದ್ಲ ಹೇಳೂದಲ್ಲೇನು, ಹೇಳೀನಿ ತಗೋ, ನಾನ ಪೈಪಿಗೆ ಅಡ್ಡ ಬಿದ್ದೆ, ಈ ಮನಷ್ಯಾಂದು ಏನೂ ತಪ್ಪಿಲ್ಲ ಅಂತ ಹೇಳಿ ಹೆಬ್ಬಟ್ಟು ಒತ್ತೀನಿ, ಆ ಸಾಹೇಬ ಕೇಳಿದಾ, ಅಜ್ಜೀ, ನಿನ್ನ ಪರಿಹಾರ ಹೋಗ್ತೈತಿ, ಗೊತ್ತೈತೇನು ಅಂತ, ಗೊತ್ತೈತಪಾ ಅಂದೆ, ಎಮ್ಮಿ ಅಂತೂ ಹೋತು, ಹೊತ್ತ ಮುಣಗೂತನಾ ಬೆವರು ಸುರಿಸಿ ನನ್ನ ಕಣಿಕಿ ಹೊತ್ತಾಂವನ ಅನ್ನ ಯಾಕ ಹೋಗಬೇಕು. ನೌಕರಿಯಲ್ಲ ಅವ್ವಾ, ನೌಕರಿ ಹೋಗುವುದಿಲ್ಲ, ಒಂದು ನಕ್ಷತ್ರ, ಹೆಗಲಿಗೆ ಹಚ್ಚುವ ಇಷ್ಟೇ ಇಷ್ಟು ತಗಡು — ಹೇಳಬೇಕು, ಮಲ್ಲೇಶ್ವರಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಾಳೆ, ವಿರುಪಣ್ಣಾರ, ಬರ್ರಿ ಒಳಗ, ಸಾಹೇಬ್ರು ಖುಷಿ ಅದಾರ, ನಿಮ್ಮ ಕೆಲಸ ಆತು ಅಂತ ತಿಳ್ಕೋರಿ, ಅನ್ನುತ್ತಿದ್ದಾನೆ ಶಾಂತಕುಮಾರ, ಒಳಗೆ ಹೋಗಿ ಆಕೆ ಹೇಳಿದ್ದು ಸುಳ್ಳು ಅಂದರೆ ಮುದುಕಿ ಸುಳ್ಳುಸಾಕ್ಷಿಯಾಗುತ್ತಾಳೆ, ಅನ್ನದಿದ್ದರೆ ಎಮ್ಮೆ ಎರಡನೆಯ ಸಲ ಸಾಯುತ್ತದೆ, ಬರ್ರಿ ವಿರುಪಣ್ಣಾರ, ಬಂದೆ ಅನ್ನುತ್ತಾನೆ, ಹುಲಿಗವ್ವ ತನ್ನ ಹೆಬ್ಬೆರಳು ನೋಡಿಕೊಳ್ಳುತ್ತಿದ್ದಾಳೆ, ತುದಿಯಿಂದ ಗೆಣ್ಣಿನವರೆಗೆ ನೀಲಿ ಶಾಯಿ, ಸೆರಗಿಗೆ ಹತ್ತೀತೆಂದು ತಲೆಯ ಕೂದಲಿಗೆ ಒರೆಸುತ್ತಾಳೆ, ನೋಡುತ್ತಾಳೆ, ಹೋಗಿಲ್ಲ, ಮತ್ತೆ ಒರೆಸುತ್ತಾಳೆ, ಬೆಳ್ಳಗಿನ ಕೂದಲಲ್ಲಿ ನೀಲಿ ಗೆರೆ, ಬರ್ರಿ, ಮತ್ತೆ ನೋಡುತ್ತಾಳೆ, ಹೋಗಿಲ್ಲ, ಮತ್ತೆ ಹೆಬ್ಬೆರಳು ಕೂದಲಿಗೆ, ಇನ್ನೊಂದು ನೀಲಿ ಗೆರೆ, ಮತ್ತೆ ಹೆಬ್ಬೆರಳು —